ಬಿಸಿನೀರಿನ ಕೊಳಾಯಿ ಜಾಲ: ಬ್ಯಾಕ್ಟೀರಿಯಾ ಬೆಳೆಯಗೊಡದ ತಾಪಮಾನ

ಮನೆ, ಹೋಟೆಲ್, ಹಾಸ್ಟೆಲ್, ಆಸ್ಪತ್ರೆಗಳ ಬಿಸಿನೀರಿನ ಟ್ಯಾಂಕು, ಪೈಪು, ನಲ್ಲಿ, ಶವರ್‌ಗಳಲ್ಲಿ ರೋಗ ತರುವ ಬ್ಯಾಕ್ಟೀರಿಯಾ ನೆಲೆಯೂರದಿರಬೇಕಾದರೆ ನೀರು ಎಷ್ಟು ಬಿಸಿ ಇರಬೇಕು ಎಂಬ ಪ್ರಶ್ನೆಗೆ ಬಹುತೇಕ ದೇಶಗಳ ಮಾರ್ಗಸೂಚಿಗಳು ಹೆಚ್ಚುಕಡಿಮೆ ಒಂದೇ ಉತ್ತರ ಕೊಡುತ್ತವೆ. ಟ್ಯಾಂಕಿನಲ್ಲಿ ಕನಿಷ್ಠ 60 ಡಿಗ್ರಿ ಸೆಲ್ಸಿಯಸ್. ಪೈಪಿನ ಉದ್ದಕ್ಕೂ, ಕಟ್ಟಕಡೆಯ ನಲ್ಲಿಯವರೆಗೆ, ಕನಿಷ್ಠ 50. ತಣ್ಣೀರಿನ ಪೈಪಿನಲ್ಲಿ ಸಾಧ್ಯವಾದಷ್ಟೂ 20ಕ್ಕಿಂತ ಕೆಳಗೆ. 20ರಿಂದ 45 ಡಿಗ್ರಿಯವರೆಗಿನ ಉಗುರುಬೆಚ್ಚನೆಯ ನೀರೇ ಅಪಾಯದ ನೀರು. ಮೈಗೆ ಹಿತವೆನಿಸುವ ಬಿಸಿ ಈ ಜೀವಿಗಳಿಗೂ ಹಿತ. ಹೀಗಾಗಿ ಸ್ನಾನಕ್ಕೆ ಬೇಕಾದ ಬಿಸಿಯಲ್ಲೇ ನೀರನ್ನು ಶೇಖರಿಸಿಡುವುದು ಸುರಕ್ಷಿತವಲ್ಲ. ಹೆಚ್ಚು ಬಿಸಿಯಾಗಿ ಇಟ್ಟು, ಹಾಗೆಯೇ ಹರಿಸಿ, ನಲ್ಲಿಯ ಹತ್ತಿರ ಬಂದ ಮೇಲಷ್ಟೇ ತಣ್ಣೀರು ಬೆರೆಸಬೇಕು. ಈ ಲೇಖನದಲ್ಲಿ ಬರುವ ನಿಯಮಗಳು, ಉಪಕರಣಗಳು, ವಾದಗಳು ಹುಟ್ಟಿದ್ದೆಲ್ಲ ಈ ಒಂದು ಸಂಗತಿಯಿಂದ.

ಈ ಅಂಕಿಗಳನ್ನು ನಿಗದಿ ಮಾಡುವಾಗ ತಜ್ಞರ ಕಣ್ಣಮುಂದೆ ಇದ್ದದ್ದು ಮುಖ್ಯವಾಗಿ ಲೀಜಿಯೊನೆಲ್ಲಾ ಎಂಬ ಬ್ಯಾಕ್ಟೀರಿಯಾ, ಅದರಲ್ಲೂ ಲೀಜಿಯೊನೆಲ್ಲಾ ನ್ಯೂಮೊಫಿಲಾ. ಇದು ತರುವ ತೀವ್ರ ನ್ಯುಮೋನಿಯಾಕ್ಕೆ ಲೀಜಿಯೊನೇರ್ಸ್ ಕಾಯಿಲೆ ಎಂದು ಹೆಸರು. ಸೋಂಕು ತಗುಲಿದ ಸಾಮಾನ್ಯವಾಗಿ 2ರಿಂದ 10 ದಿನಗಳೊಳಗೆ, ಕೆಲವೊಮ್ಮೆ ಎರಡು ವಾರಕ್ಕೆ, ಜ್ವರ, ಒಣಕೆಮ್ಮು, ಮೈಕೈನೋವು, ಕೆಲವರಲ್ಲಿ ಭೇದಿ ಮತ್ತು ಮಂಕು ಕಾಣಿಸಿಕೊಳ್ಳುತ್ತವೆ. ಸುಮಾರು ಹತ್ತರಲ್ಲಿ ಒಬ್ಬರು ಸಾಯುತ್ತಾರೆ. ಆಸ್ಪತ್ರೆಯಲ್ಲಿ ಇದ್ದಾಗಲೇ ಸೋಂಕು ತಗುಲಿದವರಲ್ಲಿ ನಾಲ್ವರಲ್ಲಿ ಒಬ್ಬರು. ವಯಸ್ಸಾದವರು, ಬೀಡಿ ಸಿಗರೇಟು ಸೇದುವವರು, ಶ್ವಾಸಕೋಶದ ಹಳೆಯ ತೊಂದರೆ ಇರುವವರು, ಅಂಗಾಂಗ ಕಸಿ ಮಾಡಿಸಿಕೊಂಡವರು ಇದಕ್ಕೆ ಬೇಗ ಸಿಕ್ಕಿಬೀಳುತ್ತಾರೆ. ನೀರನ್ನು ಕುಡಿದು ಹೊಟ್ಟೆಗೆ ಹೋದರೆ ಸಾಮಾನ್ಯವಾಗಿ ಏನೂ ಆಗದು. ಶವರ್, ನಲ್ಲಿ, ಕಾರಂಜಿಗಳಿಂದ ಏಳುವ ಕಣ್ಣಿಗೆ ಕಾಣದ ಹನಿಗಳನ್ನು ಉಸಿರಿನೊಂದಿಗೆ ಎಳೆದುಕೊಂಡಾಗ, ಅಥವಾ ಕುಡಿಯುವ ನೀರು ನೆತ್ತಿಗೇರಿ ಶ್ವಾಸನಾಳಕ್ಕೆ ಇಳಿದಾಗ, ರೋಗ ಬರುತ್ತದೆ. ಒಬ್ಬರಿಂದ ಒಬ್ಬರಿಗೆ ಇದು ಹರಡುವುದು ತೀರಾ ಅಪರೂಪ.

ರೋಗಾಣು ಪತ್ತೆಯಾದ ಬಗೆ

1976ರ ಜುಲೈ 21ರಿಂದ 24ರವರೆಗೆ ಅಮೆರಿಕದ ಫಿಲಡೆಲ್ಫಿಯಾ ನಗರದ ಬೆಲ್‌ವ್ಯೂ ಸ್ಟ್ರಾಟ್‌ಫರ್ಡ್ ಹೋಟೆಲಿನಲ್ಲಿ ಮಾಜಿ ಸೈನಿಕರ ಸಂಘಟನೆಯಾದ ಅಮೆರಿಕನ್ ಲೀಜನ್ನಿನ ರಾಜ್ಯ ಸಮಾವೇಶ ನಡೆಯಿತು. ಊರಿಗೆ ಮರಳಿದವರು ಒಬ್ಬೊಬ್ಬರಾಗಿ ನ್ಯುಮೋನಿಯಾದಿಂದ ಮಲಗಿದರು. ಹೋಟೆಲಿನ ಮುಂದಿನ ರಸ್ತೆಯಲ್ಲಿ ಓಡಾಡಿದ್ದ ಕೆಲವರಿಗೂ ಕಾಯಿಲೆ ಬಂತು. ಒಟ್ಟು 200ಕ್ಕೂ ಹೆಚ್ಚು ಮಂದಿ ಹಾಸಿಗೆ ಹಿಡಿದು, 34 ಜನ ಸತ್ತರು. ಹೋಟೆಲಿನ ಹವಾನಿಯಂತ್ರಣಕ್ಕೆ ಸೇರಿದ ಕೂಲಿಂಗ್ ಟವರೇ ಮೂಲವೆಂದು ನಂತರ ಹೆಚ್ಚಿನವರು ಒಪ್ಪಿದರು. ಆದರೆ ರೋಗಾಣು ತಿಂಗಳುಗಟ್ಟಲೆ ಕೈಗೆ ಸಿಗಲಿಲ್ಲ. ವಿಷಾನಿಲ, ಭಾರಲೋಹ, ಹಂದಿಜ್ವರ ಎಂದೆಲ್ಲ ಊಹೆಗಳು ಎದ್ದವು. ಗಿರಾಕಿಗಳಿಲ್ಲದೆ ಹೋಟೆಲು ಅದೇ ನವೆಂಬರಿನಲ್ಲಿ ಬಾಗಿಲು ಹಾಕಿತು.

ಅಮೆರಿಕದ ರೋಗ ನಿಯಂತ್ರಣ ಕೇಂದ್ರದ ಜೋಸೆಫ್ ಮೆಕ್‌ಡೇಡ್ ಮಾಮೂಲಿ ಬ್ಯಾಕ್ಟೀರಿಯಾ ತಜ್ಞರಲ್ಲ, ಜೀವಕೋಶದೊಳಗೆ ಬದುಕುವ ರಿಕೆಟ್ಸಿಯಾಗಳ ತಜ್ಞ. ಬೇಸಗೆಯಲ್ಲಿ ಗಿನಿಯಿಲಿಗಳ ಅಂಗಾಂಶದ ಸ್ಲೈಡುಗಳಲ್ಲಿ ಅಲ್ಲೊಂದು ಇಲ್ಲೊಂದು ಕಡ್ಡಿಯಾಕಾರದ ಜೀವಿ ಕಂಡಾಗ ಅವರು ಅದಕ್ಕೆ ಮಹತ್ವ ಕೊಟ್ಟಿರಲಿಲ್ಲ. ಡಿಸೆಂಬರಿನ ಕೊನೆಯಲ್ಲಿ ಅವವೇ ಸ್ಲೈಡುಗಳನ್ನು ಮತ್ತೆ ತೆಗೆದು ನೋಡಿದರು, ಕೋಳಿಮೊಟ್ಟೆಗಳಲ್ಲಿ ಬೆಳೆಸಿದರು, ರೋಗಿಗಳ ರಕ್ತದ ಪ್ರತಿಕಾಯಗಳೊಂದಿಗೆ ತಾಳೆಹಾಕಿದರು. 1977ರ ಜನವರಿಯಲ್ಲಿ ಅವರು ಮತ್ತು ಚಾರ್ಲ್ಸ್ ಶೆಪರ್ಡ್ ರೋಗಾಣುವನ್ನು ಗುರುತಿಸಿರುವುದಾಗಿ ಪ್ರಕಟಿಸಿದರು. ಕೈಗೆ ಸಿಕ್ಕಿದ ಮೇಲೆ ಹಳೆಯ ಒಗಟುಗಳೂ ಬಿಡಿಸಿಕೊಂಡವು. 1968ರಲ್ಲಿ ಮಿಷಿಗನ್ನಿನ ಪಾಂಟಿಯಾಕ್ ಊರಿನ ಆರೋಗ್ಯ ಇಲಾಖೆಯ ಕಟ್ಟಡದಲ್ಲೇ 144 ಜನರಿಗೆ ಬಂದುಹೋಗಿದ್ದ ಜ್ವರ, 1965ರಲ್ಲಿ ವಾಷಿಂಗ್ಟನ್ನಿನ ಸೇಂಟ್ ಎಲಿಜಬೆತ್ಸ್ ಆಸ್ಪತ್ರೆಯಲ್ಲಿ ಕಾಣಿಸಿದ್ದ ನ್ಯುಮೋನಿಯಾ, ಎರಡೂ ಇದರದ್ದೇ ಕೆಲಸ ಎಂದು ಕಾದಿಟ್ಟ ರಕ್ತದ ಮಾದರಿಗಳು ಹೇಳಿದವು.

ಮೊದಲ ವರ್ಷಗಳಲ್ಲಿ ಎಲ್ಲರ ಸಂಶಯ ಕೂಲಿಂಗ್ ಟವರುಗಳ ಮೇಲೆಯೇ ಇತ್ತು. ಬಿಸಿನೀರಿನ ಪೈಪುಗಳ ಕಡೆಗೆ ಗಮನ ತಿರುಗಿಸಿದ್ದು ಆಸ್ಪತ್ರೆಗಳು. 1980ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡಿನಲ್ಲಿ ಕಸಿ ರೋಗಿಗಳ ವಾರ್ಡಿನ ಶವರುಗಳಲ್ಲಿ ಈ ಬ್ಯಾಕ್ಟೀರಿಯಾ ಸಿಕ್ಕಿತು. 1982ರಲ್ಲಿ ಜಾನೆಟ್ ಸ್ಟೌಟ್, ವಿಕ್ಟರ್ ಯೂ ಮತ್ತು ಸಂಗಡಿಗರು ಪಿಟ್ಸ್‌ಬರ್ಗಿನ ಮಾಜಿ ಸೈನಿಕರ ಆಸ್ಪತ್ರೆಯೊಂದರ ನೀರಿನ ಜಾಲದಲ್ಲಿ, ಬಿಸಿನೀರಿನ ಟ್ಯಾಂಕಿನಿಂದ ಹಿಡಿದು ನಲ್ಲಿಗಳವರೆಗೆ, ಅದು ಎಲ್ಲೆಡೆ ಹಬ್ಬಿರುವುದನ್ನು ತೋರಿಸಿದರು. ಟ್ಯಾಂಕಿನ ಬಿಸಿಯನ್ನು 60 ಡಿಗ್ರಿಗಿಂತ ಮೇಲಕ್ಕೆ ಏರಿಸಿ ನಲ್ಲಿಗಳಿಂದ ಆ ನೀರನ್ನು ಹರಿಯಬಿಟ್ಟಾಗ ಹೊಸ ರೋಗಿಗಳ ಸಂಖ್ಯೆ ಇಳಿಯಿತು. ಆ ಕಾಲದಲ್ಲಿ ಅನೇಕ ಆಸ್ಪತ್ರೆಗಳು ಇಂಧನ ಉಳಿಸಲು ಮತ್ತು ರೋಗಿಗಳ ಕೈ ಸುಡದಿರಲೆಂದು ಬಿಸಿಯನ್ನು ಕಡಿಮೆ ಇಟ್ಟಿದ್ದವು. ಎರಡೂ ಸದುದ್ದೇಶದ ಕ್ರಮಗಳೇ. ಆದರೆ ಈ ಹಿತವಾದ ಬಿಸಿಯಲ್ಲಿ ಏನು ಬೆಳೆಯಬಹುದೆಂದು ಆಗ ಯಾರಿಗೂ ತಿಳಿದಿರಲಿಲ್ಲ.

ಪೈಪಿನೊಳಗಿನ ಜೀವನ

ಹಳೆಯ ಶವರಿನ ತಲೆಯನ್ನು ಬಿಚ್ಚಿ ಒಳಗೆ ಬೆರಳಾಡಿಸಿದರೆ ಜಾರುವ ತೆಳ್ಳನೆಯ ಲೋಳೆ ಹತ್ತುತ್ತದೆ. ಗಡಸು ನೀರಿನ ಊರಾದರೆ ಅದರಡಿಯಲ್ಲಿ ಬಿಳಿಯ ಸುಣ್ಣದ ಪದರ, ಹಳೆಯ ಕಬ್ಬಿಣದ ಪೈಪಾದರೆ ಕಂದು ತುಕ್ಕು. ಬರಿಗಣ್ಣಿಗೆ ಇಷ್ಟೇ. ಸೂಕ್ಷ್ಮದರ್ಶಕದಡಿ ನೋಡಿದರೆ ಬಗೆಬಗೆಯ ಬ್ಯಾಕ್ಟೀರಿಯಾಗಳು ತಾವೇ ಸ್ರವಿಸಿದ ಅಂಟಿನಲ್ಲಿ ಹುದುಗಿ ಕೂತಿರುತ್ತವೆ. ಅವನ್ನು ಮೇಯುತ್ತ ಅಮೀಬಾಗಳು ಹರಿದಾಡುತ್ತಿರುತ್ತವೆ. ಈ ಪದರಕ್ಕೆ ಜೈವಿಕ ಪೊರೆ ಎನ್ನುತ್ತಾರೆ. ಪೈಪಿನಲ್ಲಿ ಹರಿದುಹೋಗುವ ನೀರಿನಲ್ಲಿ ಇರುವುದಕ್ಕಿಂತ ಬಹಳ ಹೆಚ್ಚು ಜೀವಿಗಳು ಪೈಪಿನ ಗೋಡೆಗೆ ಅಂಟಿಕೊಂಡ ಈ ಪದರದಲ್ಲಿ ಇರುತ್ತವೆ.

ಲೀಜಿಯೊನೆಲ್ಲಾ ಬೆಳೆಯುವ ಬಗೆಯನ್ನು ಅರ್ಥಮಾಡಿಸಿದ್ದು ಅಮೀಬಾಗಳು. 1980ರಲ್ಲಿ ಬ್ರಿಟನ್ನಿನ ತಿಮೊತಿ ರೋಬೊಥಮ್ ಈ ಬ್ಯಾಕ್ಟೀರಿಯಾ ಅಕಾಂತಮೀಬಾ, ನೇಗ್ಲೇರಿಯಾ ಜಾತಿಯ ಅಮೀಬಾಗಳ ಹೊಟ್ಟೆಯಲ್ಲಿ ಜೀರ್ಣವಾಗದೆ ಅಲ್ಲೇ ಮರಿ ಹಾಕುತ್ತದೆಂದು ತೋರಿಸಿದರು. ಮನುಷ್ಯನ ಶ್ವಾಸಕೋಶದಲ್ಲಿ ಕಸ ಗುಡಿಸುವ ಬಿಳಿ ರಕ್ತಕಣಗಳನ್ನು ವಂಚಿಸುವ ವಿದ್ಯೆಯನ್ನು ಅದು ಕಲಿತದ್ದು ಇಲ್ಲಿಯೇ ಎಂದು ತಜ್ಞರ ಮತ. ಪೆನ್ಸಿಲಿನ್ ವರ್ಗದ ಔಷಧಿಗಳು ಈ ಕಾಯಿಲೆಗೆ ನಾಟದಿರುವುದಕ್ಕೆ, ಅಜಿಥ್ರೊಮೈಸಿನ್, ಲಿವೊಫ್ಲಾಕ್ಸಸಿನ್‌ನಂಥ ಜೀವಕೋಶದೊಳಗೆ ಇಳಿಯುವ ಔಷಧಿಗಳು ಬೇಕಾಗುವುದಕ್ಕೆ ಇದೂ ಒಂದು ಕಾರಣ. ಕೊಳಾಯಿಯ ಮಟ್ಟಿಗೆ ಇದರ ಪರಿಣಾಮ ಇನ್ನೂ ದೊಡ್ಡದು. ಅಮೀಬಾ ಬಿಸಿ ತಾಳಲಾರದೆ ಗಟ್ಟಿಕವಚದ ಕೋಶವಾಗಿ ಮುದುಡಿದಾಗ ಒಳಗಿರುವ ಬ್ಯಾಕ್ಟೀರಿಯಾಕ್ಕೂ ರಕ್ಷಣೆ ಸಿಗುತ್ತದೆ. ನೀರಿನಲ್ಲಿ ಒಂಟಿಯಾಗಿ ತೇಲುವ ಜೀವಿಯನ್ನು ಕೊಲ್ಲುವ ಬಿಸಿ ಅಥವಾ ಕ್ಲೋರಿನ್, ಲೋಳೆಯೊಳಗಿನ ಅಮೀಬಾದೊಳಗೆ ಅಡಗಿದ ಜೀವಿಗೆ ಸಾಲದೆ ಹೋಗಬಹುದು. ಪ್ರಯೋಗಾಲಯದ ಅಂಕಿಗಳನ್ನು ಕಟ್ಟಡಕ್ಕೆ ಅನ್ವಯಿಸುವಾಗ ಈ ಎಚ್ಚರ ಇರಲೇಬೇಕು.

ಬಿಸಿನೀರನ್ನು ನಚ್ಚಿ ಬಾಳುವ ರೋಗಾಣು ಇದೊಂದೇ ಅಲ್ಲ. ಕ್ಷಯದ ದೂರದ ಬಂಧುಗಳಾದ ಕೆಲವು ಮೈಕೊಬ್ಯಾಕ್ಟೀರಿಯಾಗಳು ಕ್ಲೋರಿನ್ನಿಗೂ ಬಿಸಿಗೂ ಲೀಜಿಯೊನೆಲ್ಲಾಕ್ಕಿಂತ ಗಟ್ಟಿ. ಸ್ಯೂಡೊಮೊನಾಸ್ ಆಸ್ಪತ್ರೆಯ ನಲ್ಲಿಗಳ ತುದಿಯಲ್ಲಿ ಮನೆ ಮಾಡುತ್ತದೆ. ಆದರೂ ತಾಪಮಾನದ ನಿಯಮಗಳಿಗೆ ಅಳತೆಗೋಲಾಗಿರುವುದು ಲೀಜಿಯೊನೆಲ್ಲಾ.

ಎಷ್ಟು ಡಿಗ್ರಿಗೆ ಎಷ್ಟು ಹೊತ್ತು

20 ಡಿಗ್ರಿಗಿಂತ ಕೆಳಗೆ ಲೀಜಿಯೊನೆಲ್ಲಾ ಸಾಯುವುದಿಲ್ಲ, ಸುಮ್ಮನೆ ಕಾಯುತ್ತದೆ. 25 ದಾಟಿದ ಮೇಲೆ ಚುರುಕಾಗಿ, 35ರಿಂದ 37ರ ಆಸುಪಾಸಿನಲ್ಲಿ ಅತಿ ವೇಗವಾಗಿ ಬೆಳೆಯುತ್ತದೆ. 45ರ ಮೇಲೆ ಬೆಳವಣಿಗೆ ಕುಂದುತ್ತದೆ. 50ರಲ್ಲಿ ಸಾಯತೊಡಗುತ್ತದೆ, ಆದರೆ ನಿಧಾನವಾಗಿ. ಇಂಗ್ಲೆಂಡಿನಲ್ಲಿ 1984ರಲ್ಲಿ ಪ್ರಕಟವಾದ ಪ್ರಯೋಗದ ಪ್ರಕಾರ ಹತ್ತರಲ್ಲಿ ಒಂಬತ್ತು ಪಾಲು ಬ್ಯಾಕ್ಟೀರಿಯಾ ಸಾಯಲು 50 ಡಿಗ್ರಿಯಲ್ಲಿ 111 ನಿಮಿಷ, 54ರಲ್ಲಿ 27 ನಿಮಿಷ, 58ರಲ್ಲಿ 6 ನಿಮಿಷ ಬೇಕು. ನಾಲ್ಕೇ ಡಿಗ್ರಿ ಹೆಚ್ಚಿಸಿದರೆ ಬೇಕಾಗುವ ಹೊತ್ತು ಸುಮಾರು ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಲಕ್ಷ ಜೀವಿಗಳನ್ನು ಒಂದಕ್ಕೆ ಇಳಿಸಲು ಇಂಥ ಐದು ಸುತ್ತು ಬೇಕೆಂದು ಲೆಕ್ಕ ಹಾಕಿದರೆ 50 ಡಿಗ್ರಿಯಲ್ಲಿ ಒಂಬತ್ತು ಗಂಟೆ ದಾಟುತ್ತದೆ, 58ರಲ್ಲಿ ಅರ್ಧ ಗಂಟೆ ಸಾಕು. ಬೆಳಗಿನ ಹೊತ್ತು ಟ್ಯಾಂಕಿನ ನೀರು ಖಾಲಿಯಾಗಿ ಹೊಸ ತಣ್ಣೀರು ಸೇರುತ್ತಲೇ ಇರುವ ಕಟ್ಟಡದಲ್ಲಿ ಒಂಬತ್ತು ಗಂಟೆ ಯಾವ ನೀರೂ ಒಂದೆಡೆ ನಿಲ್ಲುವುದಿಲ್ಲ. ಟ್ಯಾಂಕಿಗೆ 60 ಏಕೆ ಬೇಕೆಂಬುದು ಈ ಲೆಕ್ಕದಿಂದ ತಿಳಿಯುತ್ತದೆ. 70 ಡಿಗ್ರಿಯಲ್ಲಿ ಸಾವು ಬಹುಮಟ್ಟಿಗೆ ತಕ್ಷಣ.

ಪೈಪಿನ ಮಾತು ಬೇರೆ. ಅಲ್ಲಿ 50 ಡಿಗ್ರಿ ಇದ್ದರೆ ಜೀವಿಗಳು ಕೂಡಲೇ ಸಾಯದಿದ್ದರೂ ಹೆಚ್ಚಲಾರವು. ಟ್ಯಾಂಕು ಕೊಲ್ಲಬೇಕು, ಪೈಪು ಬೆಳೆಯಬಿಡಬಾರದು. ಎರಡಕ್ಕೂ ಬೇರೆ ಬೇರೆ ಅಂಕಿ ಇರುವುದು ಈ ಕಾರಣಕ್ಕೆ. ಕೆಲವು ದೇಶಗಳು ಎಚ್ಚರಕ್ಕೆಂದು ಪೈಪಿಗೂ 55 ಎನ್ನುತ್ತವೆ.

ಟ್ಯಾಂಕಿನ ತಳ

ಮೀಟರು 60 ತೋರಿಸಿದಾಕ್ಷಣ ಟ್ಯಾಂಕಿನ ನೀರೆಲ್ಲ 60 ಇದೆಯೆಂದು ಅರ್ಥವಲ್ಲ. ಇದನ್ನು ಚೆನ್ನಾಗಿ ತೋರಿಸಿಕೊಟ್ಟದ್ದು ಕೆನಡಾದ ಕ್ವಿಬೆಕ್ ನಗರದ 211 ಮನೆಗಳಲ್ಲಿ ನಡೆದು 1991ರಲ್ಲಿ ಪ್ರಕಟವಾದ ಅಧ್ಯಯನ. ವಿದ್ಯುತ್ತಿನಿಂದ ಕಾಯುವ ಟ್ಯಾಂಕುಗಳಿದ್ದ ಮನೆಗಳಲ್ಲಿ ನೂರಕ್ಕೆ 39ರಲ್ಲಿ ಲೀಜಿಯೊನೆಲ್ಲಾ ಸಿಕ್ಕಿತು. ಎಣ್ಣೆ ಅಥವಾ ಗ್ಯಾಸಿನಿಂದ ಕಾಯುವ ಟ್ಯಾಂಕುಗಳಲ್ಲಿ ಒಂದರಲ್ಲೂ ಸಿಗಲಿಲ್ಲ.

ಕಾರಣ ಟ್ಯಾಂಕಿನ ರಚನೆಯಲ್ಲಿದೆ. ಗ್ಯಾಸಿನ ಉರಿ ಟ್ಯಾಂಕಿನ ಬುಡಕ್ಕೆ ತಗುಲುತ್ತದೆ, ತಳವೇ ಎಲ್ಲಕ್ಕಿಂತ ಬಿಸಿಯಾಗುತ್ತದೆ. ವಿದ್ಯುತ್ ಟ್ಯಾಂಕಿನಲ್ಲಿ ಕಾಯಿಸುವ ಕಾಯಿಲ್ ತಳದಿಂದ ಸ್ವಲ್ಪ ಮೇಲಕ್ಕೆ ಇರುತ್ತದೆ. ಬಿಸಿನೀರು ಹಗುರ, ಮೇಲಕ್ಕೇರುತ್ತದೆ. ತಣ್ಣೀರು ಭಾರ, ತಳದಲ್ಲೇ ಉಳಿಯುತ್ತದೆ. ಕಾಯಿಲಿನ ಕೆಳಗಿನ ಆ ಒಂದು ಗೇಣು ಜಾಗದಲ್ಲಿ ನೀರು 30ರಿಂದ 40 ಡಿಗ್ರಿಯಲ್ಲಿ ನಿಂತಿರುತ್ತದೆ. ಹೊರಗಿನಿಂದ ಬಂದ ಮಣ್ಣು, ಉದುರಿದ ಸುಣ್ಣ, ತುಕ್ಕು ಎಲ್ಲ ಇಳಿಯುವುದೂ ಅಲ್ಲಿಗೇ. ಬ್ಯಾಕ್ಟೀರಿಯಾಕ್ಕೆ ಬಿಸಿ, ಆಹಾರ, ಅಂಟಿಕೊಳ್ಳಲು ನೆಲೆ ಮೂರೂ ಒಂದೇ ಕಡೆ ಸಿಕ್ಕಂತಾಯಿತು. ನಲ್ಲಿ ತಿರುಗಿಸಿದಾಗ ತಳದ ಆ ನೀರು ಕಲಕಿ ಮೇಲಿನ ಬಿಸಿಯೊಂದಿಗೆ ಬೆರೆಯುತ್ತದೆ. ಆದ್ದರಿಂದ ದೊಡ್ಡ ಟ್ಯಾಂಕುಗಳಲ್ಲಿ ತಳದಿಂದ ಮೇಲಕ್ಕೆ ನೀರನ್ನು ಸುತ್ತಿಸುವ ಸಣ್ಣ ಪಂಪು ಕೂರಿಸಿ ದಿನಕ್ಕೊಂದು ಗಂಟೆಯಾದರೂ ಇಡೀ ನೀರು 60 ಮುಟ್ಟುವಂತೆ ಮಾಡುತ್ತಾರೆ, ಕಾಲಕಾಲಕ್ಕೆ ತಳದ ಡ್ರೇನ್ ಬಿಟ್ಟು ಗಸಿಯನ್ನು ತೊಳೆಯುತ್ತಾರೆ. ಗಡಸು ನೀರಿನ ಊರುಗಳಲ್ಲಿ ಈ ತೊಳೆಯುವಿಕೆಯನ್ನು ಮರೆತರೆ ಕಾಯಿಲಿಗೆ ಸುಣ್ಣ ಹತ್ತಿ ಕರೆಂಟೂ ಹೆಚ್ಚು ಸುಡುತ್ತದೆ.

ಸುಟ್ಟಗಾಯದ ಪ್ರಶ್ನೆ

60 ಡಿಗ್ರಿಯ ನೀರು ವಯಸ್ಕರ ಚರ್ಮವನ್ನು ಸುಮಾರು 5 ಸೆಕೆಂಡುಗಳಲ್ಲಿ ಆಳವಾಗಿ ಸುಡಬಲ್ಲದು. ಮಕ್ಕಳ ತೆಳು ಚರ್ಮಕ್ಕೆ ಅಷ್ಟೂ ಬೇಡ. 49 ಡಿಗ್ರಿಯಲ್ಲಿ ಅದೇ ಗಾಯಕ್ಕೆ 5ರಿಂದ 10 ನಿಮಿಷ ಹಿಡಿಯುತ್ತದೆ, ಕೈ ಎಳೆದುಕೊಳ್ಳಲು ಧಾರಾಳ ಸಮಯವಿರುತ್ತದೆ. ಈ ಬಗೆಯ ಲೆಕ್ಕಕ್ಕೆ ಆಧಾರ 1947ರಲ್ಲಿ ಅಮೆರಿಕದ ಮಾರಿಟ್ಸ್ ಮತ್ತು ಹೆನ್ರಿಕ್ಸ್ ಪ್ರಕಟಿಸಿದ ಪ್ರಯೋಗಗಳು. ಮಕ್ಕಳು ಸ್ನಾನದ ತೊಟ್ಟಿಯಲ್ಲಿ ಸುಟ್ಟುಕೊಳ್ಳುವ ಪ್ರಕರಣಗಳಿಂದ ಬೇಸತ್ತು ವಾಷಿಂಗ್ಟನ್ ರಾಜ್ಯ 1983ರಲ್ಲಿ ಹೊಸ ವಾಟರ್ ಹೀಟರುಗಳನ್ನು ಸುಮಾರು 49 ಡಿಗ್ರಿಗೆ ಹೊಂದಿಸಿಯೇ ಮಾರಬೇಕೆಂದು ಕಾನೂನು ಮಾಡಿತು, ಮುಂದೆ ಅಂಥ ಗಾಯಗಳು ಕಡಿಮೆಯಾದವು. ಸುಟ್ಟಗಾಯದ ವೈದ್ಯರು 49 ಎನ್ನುವುದೂ ಸೋಂಕಿನ ವೈದ್ಯರು 60 ಎನ್ನುವುದೂ ತಮ್ಮ ತಮ್ಮ ರೋಗಿಗಳನ್ನು ಕಣ್ಣಾರೆ ಕಂಡೇ. ಇಬ್ಬರಲ್ಲಿ ಒಬ್ಬರನ್ನು ಗೆಲ್ಲಿಸಿ ಈ ವಾದವನ್ನು ಮುಗಿಸಲಾಗದು.

ದಾರಿ ತೋರಿಸಿದ್ದು ತಾಪಮಾನ ನಿಯಂತ್ರಿಸುವ ಬೆರಕೆ ವಾಲ್ವ್. ಅದರೊಳಗಿನ ಮೇಣದ ಬಿಲ್ಲೆ ಬಿಸಿಗೆ ಹಿಗ್ಗಿ ತಂಪಿಗೆ ಕುಗ್ಗುತ್ತ ಬಿಸಿನೀರು ತಣ್ಣೀರುಗಳ ಪ್ರಮಾಣವನ್ನು ತಾನೇ ಸರಿಪಡಿಸುತ್ತದೆ. ತಣ್ಣೀರು ನಿಂತುಹೋದರೆ ಬಿಸಿನೀರನ್ನೂ ಮುಚ್ಚಿಬಿಡುತ್ತದೆ. ಟ್ಯಾಂಕಿನಲ್ಲಿ 60 ಇದ್ದರೂ ಶವರಿನಿಂದ 41 ಡಿಗ್ರಿಯ ನೀರು ಬರುತ್ತದೆ. ಬ್ರಿಟನ್ನಿನ ಆಸ್ಪತ್ರೆಗಳಲ್ಲಿ ಶವರಿಗೂ ಕೈತೊಳೆಯುವ ಬೇಸಿನ್ನಿಗೂ 41, ಸ್ನಾನದ ತೊಟ್ಟಿಗೆ 44 ಮಿತಿ. ಆದರೆ ವಾಲ್ವನ್ನು ಎಲ್ಲಿ ಕೂರಿಸಿದ್ದಾರೆ ಎಂಬುದನ್ನು ನೋಡಬೇಕು. ಒಂದೇ ವಾಲ್ವನ್ನು ಟ್ಯಾಂಕಿನ ಪಕ್ಕದಲ್ಲೇ ಕೂರಿಸಿ ಅಲ್ಲಿಂದ ಮುಂದಿನ ಇಡೀ ಪೈಪಿಗೆ ಉಗುರುಬೆಚ್ಚನೆಯ ನೀರು ಹರಿಸಿದರೆ ಬ್ಯಾಕ್ಟೀರಿಯಾಕ್ಕೆ ಉದ್ದನೆಯ ತೋಟವನ್ನೇ ಮಾಡಿಕೊಟ್ಟಂತೆ. ನಲ್ಲಿಯ ಬುಡದಲ್ಲೇ ಇರಬೇಕು, ಬೆರೆತ ನೀರು ಸಾಗುವ ದೂರ ಆದಷ್ಟೂ ಚಿಕ್ಕದಿರಬೇಕು. ಖರ್ಚು ಉಳಿಸಲು ಹೋಗಿ ಕಟ್ಟಡಗಳು ಎಡವುವುದು ಹೆಚ್ಚಾಗಿ ಇಲ್ಲಿ.

ದೇಶ ದೇಶಗಳ ನಿಯಮ

ಬ್ರಿಟನ್ನಿನ ಆರೋಗ್ಯ ಮತ್ತು ಸುರಕ್ಷತಾ ಪ್ರಾಧಿಕಾರದ ಮಾರ್ಗಸೂಚಿ ಕೆಲಸಗಾರರಿಗೆ ಎಲ್ಲಕ್ಕಿಂತ ಅನುಕೂಲವಾದದ್ದು, ಏಕೆಂದರೆ ಅದು ಗಡಿಯಾರ ಹಿಡಿದು ಅಳೆಯಲು ಹೇಳುತ್ತದೆ: ಬಿಸಿನೀರಿನ ನಲ್ಲಿ ತಿರುಗಿಸಿದ ಒಂದು ನಿಮಿಷದೊಳಗೆ 50 ಡಿಗ್ರಿ, ಆಸ್ಪತ್ರೆಯಲ್ಲಿ 55, ತಣ್ಣೀರಿನದು ಎರಡು ನಿಮಿಷದೊಳಗೆ 20ಕ್ಕಿಂತ ಕೆಳಗೆ, ಪಂಪಿನಿಂದ ಪೈಪುಗಳಲ್ಲಿ ಸುತ್ತಿ ಟ್ಯಾಂಕಿಗೆ ಮರಳುವ ನೀರು 50ಕ್ಕಿಂತ ಇಳಿಯಕೂಡದು. ಜರ್ಮನಿಯ ನಿಯಮ ಟ್ಯಾಂಕಿನಿಂದ ಹೊರಡುವಾಗ 60, ಮರಳುವಾಗ 55 ಎನ್ನುತ್ತದೆ. ಅಲ್ಲಿ 400 ಲೀಟರಿಗಿಂತ ದೊಡ್ಡ ಟ್ಯಾಂಕು ಇರುವ, ಅಥವಾ ಟ್ಯಾಂಕಿನಿಂದ ನಲ್ಲಿಯವರೆಗಿನ ಪೈಪಿನಲ್ಲಿ 3 ಲೀಟರಿಗಿಂತ ಹೆಚ್ಚು ನೀರು ಹಿಡಿಯುವ ಬಾಡಿಗೆ ಕಟ್ಟಡಗಳಲ್ಲಿ ಮಾಲೀಕರು ಮೂರು ವರ್ಷಕ್ಕೊಮ್ಮೆ ಲೀಜಿಯೊನೆಲ್ಲಾ ಪರೀಕ್ಷೆ ಮಾಡಿಸಬೇಕು. ಆಸ್ಟ್ರೇಲಿಯಾದಲ್ಲಿ ಶೇಖರಣೆಗೆ ಕನಿಷ್ಠ 60, ಬಚ್ಚಲಿಗೆ ಗರಿಷ್ಠ 50, ಶಾಲೆ ಮತ್ತು ವೃದ್ಧಾಶ್ರಮಗಳಿಗೆ 45. ವಿಶ್ವ ಆರೋಗ್ಯ ಸಂಸ್ಥೆಯ 2007ರ ಗ್ರಂಥದ ಸಲಹೆಯೂ ಇದೇ ದಿಕ್ಕಿನದು. 2020ರಲ್ಲಿ ಐರೋಪ್ಯ ಒಕ್ಕೂಟ ತನ್ನ ಕುಡಿಯುವ ನೀರಿನ ನಿರ್ದೇಶನದಲ್ಲಿ ಲೀಜಿಯೊನೆಲ್ಲಾವನ್ನು ಸೇರಿಸಿಕೊಂಡಿತು. ಅಮೆರಿಕದಲ್ಲಿ ಮನೆಯ ಹೀಟರುಗಳು ಈಗಲೂ ಸಾಮಾನ್ಯವಾಗಿ 49ಕ್ಕೆ ಹೊಂದಿಕೊಂಡೇ ಬರುತ್ತವೆ. ಅಲ್ಲಿನ ರಾಷ್ಟ್ರೀಯ ಅಕಾಡೆಮಿಗಳ ವರದಿ ಮಾತ್ರ ಹೀಟರಿನಲ್ಲಿ 60, ದೂರದ ನಲ್ಲಿಯಲ್ಲಿ 55 ಎಂದು ಶಿಫಾರಸು ಮಾಡಿ, ಆ ದೇಶದಲ್ಲಿ ವರ್ಷಕ್ಕೆ 52,000ದಿಂದ 70,000 ಜನ ಈ ಕಾಯಿಲೆಗೆ ಗುರಿಯಾಗುತ್ತಾರೆಂದು ಅಂದಾಜಿಸಿದೆ.

ಬಳಸದ ನಲ್ಲಿ, ನಿಂತ ನೀರು

ನಿಯಮ ಪುಸ್ತಕದಲ್ಲಿ ಎಷ್ಟೇ ಇದ್ದರೂ ಕಟ್ಟಡದಲ್ಲಿ ಸೋಲುವುದು ಮೂಲೆಯ ನಲ್ಲಿಗಳಲ್ಲಿ. ಟ್ಯಾಂಕಿನಿಂದ ನೂರು ಮೀಟರು ದೂರದ ಕೋಣೆಗೆ ಹೋಗುವ ಪೈಪಿನಲ್ಲಿ ರಾತ್ರಿಯಿಡೀ ನಿಂತ ನೀರು ಬೆಳಗಿನ ಹೊತ್ತಿಗೆ ಕೋಣೆಯ ತಾಪಕ್ಕೆ ಇಳಿದಿರುತ್ತದೆ. ಇದಕ್ಕಾಗಿಯೇ ದೊಡ್ಡ ಕಟ್ಟಡಗಳಲ್ಲಿ ಬಿಸಿನೀರನ್ನು ಪಂಪಿನಿಂದ ಸದಾ ಸುತ್ತಿಸುತ್ತಿರುತ್ತಾರೆ. ಸುತ್ತಿನಲ್ಲಿ ಹಲವು ಕವಲುಗಳಿದ್ದರೆ ನೀರು ಹತ್ತಿರದ ಕವಲಿನಲ್ಲೇ ಓಡಿ ದೂರದ್ದರಲ್ಲಿ ಹರಿವು ಕುಂದುತ್ತದೆ. ಪ್ರತಿ ಕವಲಿಗೂ ವಾಲ್ವ್ ಹಾಕಿ ಹರಿವನ್ನು ಸಮ ಮಾಡಬೇಕು. ಪೈಪಿಗೆ ಶಾಖ ತಡೆಯುವ ಹೊದಿಕೆ ಬೇಕು. ಬಿಸಿನೀರಿನ ಪೈಪಿಗೆ ತಾಗಿಕೊಂಡೇ ತಣ್ಣೀರಿನ ಪೈಪು ಹಾಯಿಸಿದರೆ ತಣ್ಣೀರು ಬೆಚ್ಚಗಾಗಿ ಅದೂ ಅಪಾಯದ ವಲಯಕ್ಕೆ ಬರುತ್ತದೆ. ರಿಪೇರಿಯಲ್ಲಿ ನಲ್ಲಿ ತೆಗೆದು ಬೂಚು ಹೊಡೆದು ಬಿಟ್ಟ ತುಂಡು ಪೈಪುಗಳು ಬಹುಕಾಲದ ಅಡಗುದಾಣಗಳು. ಅವನ್ನು ಬುಡದಿಂದಲೇ ಕತ್ತರಿಸಬೇಕು.

2020ರಲ್ಲಿ ಕೋವಿಡ್‌ಗಾಗಿ ಕಚೇರಿಗಳು ತಿಂಗಳುಗಟ್ಟಲೆ ಮುಚ್ಚಿದ್ದಾಗ ಈ ಅಪಾಯ ಎಲ್ಲೆಡೆ ಒಟ್ಟಿಗೇ ಎದುರಾಯಿತು. ಅಟ್ಲಾಂಟಾದಲ್ಲಿ ಅಮೆರಿಕದ ರೋಗ ನಿಯಂತ್ರಣ ಕೇಂದ್ರವೇ ಬಾಡಿಗೆಗೆ ಪಡೆದಿದ್ದ ಕೆಲವು ಕಟ್ಟಡಗಳ ನೀರಿನಲ್ಲಿ ಲೀಜಿಯೊನೆಲ್ಲಾ ಕಂಡುಬಂತು. ಸೋಂಕು ತಡೆಯಲೆಂದೇ ಬಂದ ಉಪಕರಣಗಳೂ ಕೈಕೊಟ್ಟದ್ದಿದೆ. ಕೈ ಒಡ್ಡಿದರೆ ತಾನೇ ಸುರಿಯುವ ಎಲೆಕ್ಟ್ರಾನಿಕ್ ನಲ್ಲಿಗಳನ್ನು ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಪರೀಕ್ಷಿಸಿದಾಗ ಅವುಗಳ ನೀರಿನ ಮಾದರಿಗಳಲ್ಲಿ ಅರ್ಧದಷ್ಟರಲ್ಲಿ ಲೀಜಿಯೊನೆಲ್ಲಾ ಇತ್ತು, ಹಳೆಯ ತಿರುಪು ನಲ್ಲಿಗಳಲ್ಲಿ ನೂರಕ್ಕೆ 15ರಲ್ಲಿ ಮಾತ್ರ. ಎಲೆಕ್ಟ್ರಾನಿಕ್ ನಲ್ಲಿಗಳಲ್ಲಿ ಒಳಗಿನ ಬಿಡಿಭಾಗಗಳು ಹೆಚ್ಚು, ಹರಿವು ಕಡಿಮೆ.

ಜಾಲದಲ್ಲಿ ಬ್ಯಾಕ್ಟೀರಿಯಾ ಈಗಾಗಲೇ ಬೇರೂರಿದ್ದರೆ ಟ್ಯಾಂಕನ್ನು 70ರ ಮೇಲೆ ಕಾಯಿಸಿ ಒಂದೊಂದೇ ನಲ್ಲಿಯಿಂದ ಆ ನೀರನ್ನು ಕೆಲವು ನಿಮಿಷ ಹರಿಸುವ ಪದ್ಧತಿ ಇದೆ. ರಾತ್ರಿ ಹೊತ್ತು, ವಾರ್ಡಿನಲ್ಲಿ ಎಚ್ಚರಿಕೆ ಕೊಟ್ಟು ಮಾಡಬೇಕಾದ ಕೆಲಸ. ಪರಿಣಾಮ ಬೇಗ ಕಾಣುತ್ತದೆ, ಆದರೆ ಮಾಮೂಲಿ ತಾಪಮಾನ ಕಡಿಮೆಯೇ ಉಳಿದರೆ ಕೆಲವು ವಾರಗಳಲ್ಲಿ ಬ್ಯಾಕ್ಟೀರಿಯಾ ಮರಳುತ್ತದೆ. ಕ್ಲೋರಿನ್ ಡೈಆಕ್ಸೈಡ್, ತಾಮ್ರ ಬೆಳ್ಳಿಯ ಅಯಾನುಗಳು, ಮೊನೊಕ್ಲೊರಮೀನ್ ಇವುಗಳನ್ನೂ ಬಳಸುತ್ತಾರೆ. ಸ್ಯಾನ್ ಫ್ರಾನ್ಸಿಸ್ಕೊ ನಗರ 2004ರಲ್ಲಿ ಕ್ಲೋರಿನ್ ಬಿಟ್ಟು ಮೊನೊಕ್ಲೊರಮೀನಿಗೆ ಬದಲಾದಾಗ ಪರೀಕ್ಷಿಸಿದ ಕಟ್ಟಡಗಳಲ್ಲಿ ಲೀಜಿಯೊನೆಲ್ಲಾ ಇದ್ದವುಗಳ ಪ್ರಮಾಣ ನೂರಕ್ಕೆ 60ರಿಂದ 4ಕ್ಕೆ ಇಳಿಯಿತು. ಮಾಮೂಲಿ ಕ್ಲೋರಿನ್ ಬಿಸಿನೀರಿನಲ್ಲಿ ಬೇಗ ಆರಿಹೋಗುವುದರಿಂದ ಅದೊಂದನ್ನೇ ನಂಬಿ ಬಿಸಿನೀರಿನ ಟ್ಯಾಂಕನ್ನು ಕಾಪಾಡಲಾಗದು.

ಇಂಧನದ ಕಡೆಯಿಂದ ಒತ್ತಡ ಬೇರೆ. ಹೀಟ್ ಪಂಪುಗಳು ನೀರು 45, 50 ಡಿಗ್ರಿ ಇದ್ದಾಗ ಕಡಿಮೆ ವಿದ್ಯುತ್ತಿನಲ್ಲಿ ಕೆಲಸ ಮಾಡುತ್ತವೆ, 60 ಕೇಳಿದರೆ ಖರ್ಚು ಏರುತ್ತದೆ. ಆದ್ದರಿಂದ ಅನೇಕ ಯಂತ್ರಗಳಲ್ಲಿ ವಾರಕ್ಕೊಮ್ಮೆಯೋ ದಿನಕ್ಕೊಮ್ಮೆಯೋ ತಾನಾಗಿ 60 ಮುಟ್ಟಿಸುವ ಸುತ್ತನ್ನು ಅಳವಡಿಸಿರುತ್ತಾರೆ. ಜಪಾನಿನಲ್ಲಿ 2001ರಿಂದ ಮನೆಮನೆಗೆ ಬಂದ ಇಂಗಾಲದ ಡೈಆಕ್ಸೈಡ್ ಬಳಸುವ ಹೀಟ್ ಪಂಪುಗಳು ನೇರವಾಗಿ 65ರಿಂದ 90 ಡಿಗ್ರಿವರೆಗೆ ಕಾಯಿಸಬಲ್ಲವು.

ಭಾರತದಲ್ಲಿ, ಕರ್ನಾಟಕದಲ್ಲಿ

ಯುರೋಪಿನ ಅಂಕಿಗಳನ್ನು ನಮ್ಮಲ್ಲಿಗೆ ಹಾಗೆಯೇ ತರಲಾಗದು ಎಂಬುದಕ್ಕೆ ಮೊದಲ ಸಾಕ್ಷಿ ತಣ್ಣೀರಿನ ನಲ್ಲಿ. ಕಲಬುರಗಿ, ರಾಯಚೂರಿನ ಕಡೆ ಏಪ್ರಿಲ್ ಮಧ್ಯಾಹ್ನ ತಾರಸಿಯ ಕಪ್ಪು ಪ್ಲಾಸ್ಟಿಕ್ ಟ್ಯಾಂಕಿನಿಂದ ಬರುವ ನೀರಿಗೆ ಕೈಯೊಡ್ಡಿದರೆ ಗೀಸರ್ ಹಾಕಿದ್ದಾರೇನೋ ಎನಿಸುತ್ತದೆ. ತಣ್ಣೀರನ್ನು 20ಕ್ಕಿಂತ ಕೆಳಗಿಡುವ ಮಾತು ಇಲ್ಲಿ ಆಗದು. ಆದಷ್ಟೂ ಟ್ಯಾಂಕಿಗೆ ನೆರಳು ಮಾಡುವುದು, ಬಿಳಿ ಬಣ್ಣದ ಟ್ಯಾಂಕು ಹಾಕುವುದು, ಸಂಪು ಮತ್ತು ಓವರ್‌ಹೆಡ್ ಟ್ಯಾಂಕನ್ನು ಕಾಲಕಾಲಕ್ಕೆ ತೊಳೆಸುವುದು, ನೀರಿನಲ್ಲಿ ಕ್ಲೋರಿನ್ ಉಳಿದಿರುವಂತೆ ನೋಡಿಕೊಳ್ಳುವುದು ನಮ್ಮ ಕೈಲಾಗುವ ಕೆಲಸಗಳು. ಭಾರತೀಯ ಕುಡಿಯುವ ನೀರಿನ ಮಾನಕ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ ಕೇಳುತ್ತದೆ. ಬೋರ್‌ವೆಲ್ ಮತ್ತು ಟ್ಯಾಂಕರ್ ನೀರನ್ನು ನಂಬಿದ ಅಪಾರ್ಟ್‌ಮೆಂಟುಗಳಲ್ಲಿ ತಾವಾಗಿ ಹಾಕಿಕೊಳ್ಳದ ಹೊರತು ಅದು ಇರುವುದಿಲ್ಲ.

ಹಳೆಯ ಬಚ್ಚಲುಮನೆಯ ಹಂಡೆಯಲ್ಲಿ ಈ ತೊಂದರೆ ಅಷ್ಟಾಗಿ ಇರಲಿಲ್ಲ. ಸೌದೆಯ ಉರಿ ಬುಡಕ್ಕೇ ತಗುಲುತ್ತಿದ್ದುದರಿಂದ ತಣ್ಣನೆಯ ತಳ ಇಲ್ಲ, ದಿನವೂ ತುಂಬಿ, ಕುದಿಯುವ ಮಟ್ಟಕ್ಕೆ ಕಾಯಿಸಿ, ಖಾಲಿ ಮಾಡುತ್ತಿದ್ದುದರಿಂದ ನಿಂತ ನೀರಿಲ್ಲ, ಪೈಪೇ ಇಲ್ಲ. ಬಕೆಟ್ಟಿನಲ್ಲಿ ಬೆರೆಸಿಕೊಂಡು ಚೊಂಬಿನಿಂದ ಹೊಯ್ದುಕೊಳ್ಳುವಾಗ ಶವರಿನಷ್ಟು ಸಣ್ಣ ಹನಿಗಳು ಏಳುವುದೂ ಇಲ್ಲ. 10, 15, 25 ಲೀಟರಿನ ಗೋಡೆ ಗೀಸರುಗಳೂ ಪ್ರತಿದಿನ ಪೂರ್ತಿ ಬಳಕೆಯಾದರೆ ದೊಡ್ಡ ಅಪಾಯ ತರುವುದಿಲ್ಲ. ಸ್ವಿಚ್ ಹಾಕಿ ಐದೇ ನಿಮಿಷಕ್ಕೆ ಆರಿಸಿ ಬೆಚ್ಚಗಾದಷ್ಟೇ ನೀರು ತೆಗೆದುಕೊಳ್ಳುವ ಅಭ್ಯಾಸ ಇರುವ ಮನೆಗಳಲ್ಲಿ ಮಾತ್ರ ಒಳಗಿನ ನೀರು ಎಂದೂ 60 ಕಾಣದೆ ಉಳಿಯುತ್ತದೆ. ದೀಪ ತಾನಾಗಿ ಆರುವವರೆಗೆ ಕಾಯಲು ಬಿಡುವುದು ಒಳ್ಳೆಯದು.

ನಮ್ಮಲ್ಲಿ ಹೆಚ್ಚು ಯೋಚಿಸಬೇಕಾದದ್ದು ಸೋಲಾರ್ ಬಗ್ಗೆ. ಹೊಸ ವಿದ್ಯುತ್ ಸಂಪರ್ಕಕ್ಕೆ ಸೋಲಾರ್ ವಾಟರ್ ಹೀಟರ್ ಕಡ್ಡಾಯ ಮಾಡಿದ ವಿದ್ಯುತ್ ಸರಬರಾಜು ಕಂಪನಿಗಳ (ಎಸ್ಕಾಂ) ನಿಯಮ ಮತ್ತು ಬಿಲ್ಲಿನ ರಿಯಾಯಿತಿಯಿಂದಾಗಿ ಬೆಂಗಳೂರು ದೇಶದಲ್ಲೇ ಇಂಥ ಹೀಟರುಗಳಿಗೆ ಹೆಸರಾಯಿತು. ಹೆಮ್ಮೆಪಡಬೇಕಾದ ಸಾಧನೆ ಅದು. ಬಿಸಿಲಿನ ದಿನ ಈ ಟ್ಯಾಂಕುಗಳು 60 ಡಿಗ್ರಿಯನ್ನು ಸುಲಭವಾಗಿ ದಾಟುತ್ತವೆ, ಯಾವ ಚಿಂತೆಯೂ ಇಲ್ಲ. ಜುಲೈ, ಆಗಸ್ಟಿನ ಮೋಡ ಕವಿದ ವಾರಗಳಲ್ಲಿ ಅದೇ 200 ಲೀಟರಿನ ಟ್ಯಾಂಕು ದಿನಗಟ್ಟಲೆ 35ರಿಂದ 45ರ ನಡುವೆ ನಿಲ್ಲಬಹುದು. ತಾರಸಿಯಿಂದ ಬಚ್ಚಲಿಗೆ ಇಳಿಯುವ ಉದ್ದನೆಯ ಪೈಪಿಗೆ ಹೊದಿಕೆ ಇಲ್ಲದ ಮನೆಗಳೇ ಹೆಚ್ಚು. ಟ್ಯಾಂಕಿಗೆ ಬ್ಯಾಕಪ್ ಕಾಯಿಲ್ ಇದ್ದರೆ ಮಳೆಗಾಲದಲ್ಲಿ ಅದನ್ನು ಆಗಾಗ ಹಾಕಿ ನೀರನ್ನು 60ಕ್ಕೆ ಮುಟ್ಟಿಸಬೇಕು. ಬಚ್ಚಲಿನ ಗೀಸರಿನ ಮೂಲಕ ಸೋಲಾರ್ ನೀರನ್ನು ಹಾಯಿಸುವ ಜೋಡಣೆ ಇದ್ದರೆ ಆ ಗೀಸರಿನಲ್ಲಿ ನೀರು ಕಾದು ನಿಂತ ಮೇಲೆ ಬಳಸಬೇಕು. ರಜೆಗೆ ಊರಿಗೆ ಹೋಗಿ ಬಂದವರು ಮೊದಲ ದಿನ ಬಿಸಿ ತಣ್ಣೀರು ಎರಡೂ ನಲ್ಲಿಗಳನ್ನು ಕಿಟಕಿ ತೆರೆದಿಟ್ಟು ಕೆಲವು ನಿಮಿಷ ಹರಿಯಬಿಡುವುದು, ಶವರಿನ ತಲೆಯನ್ನು ಬಕೆಟ್ಟಿನ ನೀರಿನೊಳಗೆ ಮುಳುಗಿಸಿಟ್ಟು ಹರಿಸುವುದು, ಹನಿ ಏಳದಂತೆ ತೊಳೆಯುವ ಸುಲಭ ಉಪಾಯ.

ಎಷ್ಟು ಬಿಸಿ ಇದೆಯೆಂದು ತಿಳಿಯಲು ಕೈ ಒಡ್ಡಿ ನೋಡುವುದು ಸಾಲದು. 45 ಇರಲಿ 55 ಇರಲಿ, ಕೈಗೆ ಸುಡುತ್ತಿದೆ ಎಂದಷ್ಟೇ ತಿಳಿಯುತ್ತದೆ. ಅಡುಗೆಮನೆಯಲ್ಲಿ ಬಳಸುವ ಡಿಜಿಟಲ್ ಥರ್ಮಾಮೀಟರನ್ನು ಸ್ಟೀಲ್ ಲೋಟದಲ್ಲಿಟ್ಟು, ಟ್ಯಾಂಕಿಗೆ ಅತಿ ದೂರದ ನಲ್ಲಿಯ ನೀರನ್ನು ಒಂದು ನಿಮಿಷ ಅದರ ಮೇಲೆ ಬಿಟ್ಟು ಅಂಕಿ ನೋಡಿದರೆ ಸಾಕು. ಹೋಟೆಲು, ಪಿಜಿ, ನರ್ಸಿಂಗ್ ಹೋಮ್ ನಡೆಸುವವರು ತಿಂಗಳಿಗೊಮ್ಮೆ ಇದನ್ನು ನೋಂದಣಿ ಪುಸ್ತಕದಲ್ಲಿ ಬರೆದಿಡುವುದಕ್ಕೆ ದೊಡ್ಡ ಖರ್ಚೇನೂ ಇಲ್ಲ.

ಭಾರತದಲ್ಲಿ ಈ ಕಾಯಿಲೆಯ ಲೆಕ್ಕ ಸಿಗುವುದು ಕಡಿಮೆ. ನ್ಯುಮೋನಿಯಾ ಬಂದವರಿಗೆ ರೋಗಾಣು ಯಾವುದೆಂದು ಹುಡುಕದೆಯೇ ಔಷಧಿ ಶುರುಮಾಡುವುದು ವಾಡಿಕೆ. ಬಳಕೆಯಲ್ಲಿರುವ ಮೂತ್ರಪರೀಕ್ಷೆ ಲೀಜಿಯೊನೆಲ್ಲಾ ನ್ಯೂಮೊಫಿಲಾದ ಒಂದನೇ ಗುಂಪನ್ನು ಮಾತ್ರ ಹಿಡಿಯುತ್ತದೆ. ಕಫದ ಮಾದರಿಯನ್ನು ಕಬ್ಬಿಣ ಮತ್ತು ಸಿಸ್ಟೀನ್ ಬೆರೆಸಿದ ವಿಶೇಷ ಮಾಧ್ಯಮದಲ್ಲಿ ಬೆಳೆಸುವ ಪ್ರಯೋಗಾಲಯಗಳು ಬೆರಳೆಣಿಕೆಯಷ್ಟು. ಆಸ್ಪತ್ರೆಗಳು ಮಾತ್ರ ಲೆಕ್ಕ ಸಿಗುವವರೆಗೆ ಕಾಯಬೇಕಾಗಿಲ್ಲ. ಕಸಿ ಮತ್ತು ಕ್ಯಾನ್ಸರ್ ವಾರ್ಡುಗಳ ನಲ್ಲಿಗಳ ತಾಪಮಾನ ದಾಖಲಿಸುವುದು, ಬಳಸದ ಕೋಣೆಗಳ ನಲ್ಲಿಯನ್ನು ವಾರಕ್ಕೊಮ್ಮೆ ಹರಿಸುವುದು, ನೆಬ್ಯುಲೈಸರ್ ಮತ್ತು ಆಮ್ಲಜನಕದ ತೇವದ ಬಾಟಲಿಗೆ ನಲ್ಲಿ ನೀರು ಹಾಕದೆ ಸ್ಟೆರೈಲ್ ನೀರನ್ನೇ ಬಳಸುವುದು, ಇವಿಷ್ಟನ್ನು ಯಾವ ಜಿಲ್ಲಾ ಆಸ್ಪತ್ರೆಯೂ ಇರುವ ಸಿಬ್ಬಂದಿಯಿಂದಲೇ ಮಾಡಿಸಬಹುದು.